ನಡುವಣ ಆದೇಶವೂ ಮೇಲಿನ ನ್ಯಾಯಾಲಯವೂ

ದ್ಯೂತದಲ್ಲಿ ಎಲ್ಲವನ್ನೂ ಸೋತ ಧರ್ಮರಾಯನ ಅರಸಿಯನ್ನು ಸಭೆಗೆ ಕರೆತರಲು ಪ್ರಾತಿಕಾಮಿ ಹೋದಾಗ, ಆಕೆ ಒಂದು ಪ್ರಶ್ನೆಯನ್ನು ಹೇಳಿಕಳುಹಿಸಿದಳು. ಅರಸ ಮೊದಲು ಸೋತದ್ದು ತನ್ನನ್ನೋ, ತನ್ನ ಸತಿಯನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರ ಉಂಟೆ? ಭೀಷ್ಮರು ಧರ್ಮದ ಗತಿ ಸೂಕ್ಷ್ಮವೆಂದರು. ವಿಕರ್ಣನೊಬ್ಬ ಆಕೆಯ ಪರವಾಗಿ ವಾದಿಸಿದ. ಸಭೆ ಮಾತ್ರ ಉತ್ತರಿಸಲಿಲ್ಲ, ಆಗಬಾರದ್ದು ಆಗಿಹೋಯಿತು. ಆ ಪ್ರಶ್ನೆ ಮೊದಲೇ ಇತ್ಯರ್ಥವಾಗಿದ್ದರೆ ಮುಂದಿನ ಅನರ್ಥಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ವಿಚಾರಣೆಯ ನಡುವೆ ಏಳುವ ಪ್ರಶ್ನೆಗಳ ಸಮಸ್ಯೆಯೇ ಇದು. ಕ್ರಿಮಿನಲ್ ಮೊಕದ್ದಮೆಯ ಕೊನೆಗೆ ಒಂದು ತೀರ್ಪು ಬರುತ್ತದೆ. ಅಲ್ಲಿಯವರೆಗೆ ನ್ಯಾಯಾಧೀಶರು ಹತ್ತಾರು ಆದೇಶಗಳನ್ನು ಕೊಟ್ಟಿರುತ್ತಾರೆ. ವಾಯಿದೆ ಕೊಡುವುದು, ಸಾಕ್ಷಿಯನ್ನು ಕರೆಸುವುದು, ದಾಖಲೆ ತರಿಸುವುದು, ಜಾಮೀನು ನೀಡುವುದು ಅಥವಾ ನಿರಾಕರಿಸುವುದು. ಇವುಗಳಲ್ಲಿ ಪ್ರತಿಯೊಂದನ್ನೂ ಮೇಲಿನ ನ್ಯಾಯಾಲಯಕ್ಕೆ ಒಯ್ಯಬಹುದೆ?

ಮೇಲ್ಮನವಿ ಎಂಬುದು ತಾನಾಗಿ ಬರುವ ಹಕ್ಕಲ್ಲ. ಶಾಸನ ಕೊಟ್ಟಲ್ಲಿ ಮಾತ್ರ ಉಂಟು. ಅದಲ್ಲದೆ ಪುನರೀಕ್ಷಣೆ ಎಂಬ ಇನ್ನೊಂದು ದಾರಿಯಿದೆ: ಕೆಳಗಿನ ನ್ಯಾಯಾಲಯದ ಕಡತವನ್ನು ತರಿಸಿಕೊಂಡು, ಆದೇಶ ನ್ಯಾಯಬದ್ಧವೋ ಅಲ್ಲವೋ ಎಂದು ಮೇಲಿನ ನ್ಯಾಯಾಲಯ ಪರಿಶೀಲಿಸುವುದು. ಆದರೆ ಕಡತ ಮೇಲೇರಿದರೆ ಕೆಳಗೆ ವಿಚಾರಣೆ ನಿಲ್ಲುತ್ತದೆ. ಮುಂಜಾನೆಯ ಬಸ್ಸು ಹಿಡಿದು ಬಂದ ಸಾಕ್ಷಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಕಂಡದ್ದು ಮರೆಯುತ್ತದೆ, ಮುದುಕರು ತೀರಿಕೊಳ್ಳುತ್ತಾರೆ. ಜಾಮೀನಿಲ್ಲದ ಬಡ ಆರೋಪಿ ಸೆರೆಯಲ್ಲಿ ದಿನ ಎಣಿಸುತ್ತಾನೆ. ಹಣವುಳ್ಳವನಿಗೆ ವಿಳಂಬವೇ ರಕ್ಷೆಯಾಗುತ್ತದೆ.

ಆದ್ದರಿಂದಲೇ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ 397ನೆಯ ಕಲಮು, ನಡುವಣ ಆದೇಶಗಳ ಪುನರೀಕ್ಷಣೆ ಕೂಡದೆಂದು ವಿಧಿಸಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ 438ನೆಯ ಕಲಮಿನಲ್ಲಿ ಇದೇ ನಿರ್ಬಂಧವನ್ನು ಉಳಿಸಿಕೊಂಡಿದೆ. ಹಾಗೆಂದು ನಡುವೆ ಆದ ತಪ್ಪು ಶಾಶ್ವತವಾಗಿ ಉಳಿಯುವುದಿಲ್ಲ. ಕೊನೆಯ ತೀರ್ಪಿನ ಮೇಲಿನ ಮನವಿಯಲ್ಲಿ ಅದನ್ನು ಎತ್ತಬಹುದು. ಆ ತಪ್ಪಿನಿಂದ ನ್ಯಾಯಕ್ಕೆ ಭಂಗ ಬಂದಿದ್ದರೆ ತೀರ್ಪೇ ಬಿದ್ದುಹೋಗಬಹುದು. ಜಾಮೀನು ಸಿಗದವನು ಪುನರೀಕ್ಷಣೆ ಕೋರಲಾರ. ಆದರೆ ಮೇಲಿನ ನ್ಯಾಯಾಲಯದಲ್ಲಿ ಹೊಸದಾಗಿ ಜಾಮೀನು ಕೇಳಬಹುದು.

ಆದರೆ ‘ನಡುವಣ ಆದೇಶ’ ಎಂದರೇನೆಂದು ಸಂಹಿತೆ ಹೇಳಲಿಲ್ಲ. ಆ ಹೊಣೆ ಸರ್ವೋಚ್ಚ ನ್ಯಾಯಾಲಯದ ಮೇಲೆ ಬಿತ್ತು. 1977ರ ಅಮರನಾಥ ಮೊಕದ್ದಮೆಯಲ್ಲಿ, ಆರೋಪಿಗಳನ್ನು ವಿಚಾರಣೆಗೆ ಕರೆಸುವ ಆದೇಶ ಅವರ ಹಕ್ಕನ್ನೇ ತಟ್ಟುವಂಥದು, ಬರಿಯ ನಡುವಣ ಆದೇಶವಲ್ಲ ಎಂದು ಅದು ತೀರ್ಮಾನಿಸಿತು. ಅದೇ ವರ್ಷ ಸಮಾಜವಾದಿ ನಾಯಕ ಮಧು ಲಿಮಯೆ ಅವರ ಮೊಕದ್ದಮೆ ಬಂದಿತು. ಮಹಾರಾಷ್ಟ್ರದ ಸಚಿವರೊಬ್ಬರ ಮಾನಹಾನಿಯ ಆಪಾದನೆ ಅವರ ಮೇಲಿತ್ತು. ಈ ಮೊಕದ್ದಮೆಯನ್ನು ವಿಚಾರಿಸುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲವೆಂದು ಅವರು ಆಕ್ಷೇಪಿಸಿದರು. ಸೆಷನ್ಸ್ ನ್ಯಾಯಾಲಯ ಅದನ್ನು ತಳ್ಳಿಹಾಕಿ ದೋಷಾರೋಪ ಹೊರಿಸಿತು. ಇದು ನಡುವಣ ಆದೇಶವೆಂದು ಮುಂಬಯಿ ಉಚ್ಚ ನ್ಯಾಯಾಲಯ ಪುನರೀಕ್ಷಣೆಯ ಅರ್ಜಿಯನ್ನು ನಿರಾಕರಿಸಿತು. ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಕೊನೆಯದೂ ಅಲ್ಲದ, ಬರಿಯ ನಡುವಣದೂ ಅಲ್ಲದ ಮೂರನೆಯ ಬಗೆಯ ಆದೇಶಗಳೂ ಇವೆ. ಅವುಗಳಿಗೆ ಪುನರೀಕ್ಷಣೆಯ ಬಾಗಿಲು ತೆರೆದಿದೆ ಎಂದು ಹೇಳಿ, ಅರ್ಜಿಯನ್ನು ಗುಣಾವಗುಣಗಳ ಮೇಲೆ ವಿಚಾರಿಸಲು ಹಿಂದಕ್ಕೆ ಕಳುಹಿಸಿತು.

ಈ ಮೂರನೆಯ ಬಗೆಯನ್ನು ಗುರುತಿಸುವುದು ಹೇಗೆ? 2000ದ ಕೆ. ಕೆ. ಪಟೇಲ್ ಮೊಕದ್ದಮೆ ಒಂದು ಸರಳವಾದ ಒರೆಗಲ್ಲನ್ನು ಕೊಟ್ಟಿದೆ: ಎತ್ತಿದ ಆಕ್ಷೇಪವನ್ನು ನ್ಯಾಯಾಲಯ ಎತ್ತಿಹಿಡಿದಿದ್ದರೆ ಮೊಕದ್ದಮೆ ಅಲ್ಲಿಗೇ ಮುಗಿಯುತ್ತಿತ್ತೆ? ಮುಗಿಯುವಂತಿದ್ದರೆ ಪುನರೀಕ್ಷಣೆ ಉಂಟು. ಆರೋಪದಿಂದ ಬಿಡುಗಡೆ ಕೋರಿದ ಅರ್ಜಿಯ ನಿರಾಕರಣೆ ಅಂಥದೆಂದು 2021ರಲ್ಲಿ ಮತ್ತೆ ಸ್ಪಷ್ಟವಾಯಿತು. ಸಾಕ್ಷಿಯನ್ನು ಮರಳಿ ಕರೆಸಬೇಕೆಂಬ ಅರ್ಜಿಯ ನಿರಾಕರಣೆ ಹಾಗಲ್ಲವೆಂದು 2009ರ ತೀರ್ಪೊಂದು ಹೇಳಿದೆ. ಸಾಕ್ಷಿ ಬಂದರೂ ಬಾರದಿದ್ದರೂ ಮೊಕದ್ದಮೆ ನಡೆಯುತ್ತದೆ.

ಇದಲ್ಲದೆ, ನ್ಯಾಯಪ್ರಕ್ರಿಯೆಯ ದುರುಪಯೋಗವನ್ನು ತಡೆಯುವ ಸಹಜಾಧಿಕಾರ ಉಚ್ಚ ನ್ಯಾಯಾಲಯಕ್ಕಿದೆ. ಅದನ್ನು ಅಪರೂಪಕ್ಕೆ, ಎಚ್ಚರದಿಂದ ಬಳಸಬೇಕೆಂಬುದು ಮಧು ಲಿಮಯೆ ತೀರ್ಪಿನ ಆಶಯ.

ಹೀಗೆ ಕಾನೂನು ಎರಡು ಭಯಗಳ ನಡುವೆ ನಡೆಯುತ್ತದೆ. ಬಾಗಿಲನ್ನು ಪೂರ್ತಿ ತೆರೆದರೆ ವಿಚಾರಣೆಗೆ ಕೊನೆಯಿಲ್ಲ. ಪೂರ್ತಿ ಮುಚ್ಚಿದರೆ, ವಿಚಾರಣೆಗೇ ಒಳಗಾಗಬಾರದವನು ವರ್ಷಗಟ್ಟಲೆ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಕಡೆಗೆ ಖುಲಾಸೆಯಾದರೂ ಆ ವರ್ಷಗಳನ್ನು ಅವನಿಗೆ ಮರಳಿಸುವವರಿಲ್ಲ. ದ್ರೌಪದಿಯ ಪ್ರಶ್ನೆ ನಡುವೆ ಎದ್ದದ್ದು ನಿಜ. ಆದರೆ ಅದು ಕೊನೆಯವರೆಗೆ ಕಾಯಬಹುದಾದ ಪ್ರಶ್ನೆಯಾಗಿರಲಿಲ್ಲ. ಕುರುಸಭೆಯ ಹಿರಿಯರಿಗೆ ಅದು ತಿಳಿದಿರಲಿಲ್ಲವೆಂದು ಹೇಳುವುದು ಕಷ್ಟ. ತಿಳಿದೂ ಅವರು ಸುಮ್ಮನಿದ್ದರು.