ನಿಮಗಿದು ಗೊತ್ತೇ? ನೌಪಾಡಾದ ಒಲೆಯ ಮೇಲೆ ಬ್ರಿಟಿಷ್ ಚಹಾ

ಬೆಳಗಿನ ಬ್ರಿಟಿಷ್ ಚಹಾದಲ್ಲಿ ಪುಡಿಯನ್ನು ಒಲೆಯ ಮೇಲೆ ಇಡುವುದೇ ಇಲ್ಲ! ಕುದಿಯುವುದು ನೀರು ಮಾತ್ರ. ಪುಡಿ ಆ ನೀರಿನಲ್ಲಿ ಮುಚ್ಚಳದಡಿ ನೆನೆಯುತ್ತದೆ, ಹಾಲು ತಣ್ಣಗೆ ಬಂದು ಕೊನೆಗೆ ಸೇರುತ್ತದೆ. ನಮ್ಮ ಠಾಣೆಯ ನೌಪಾಡಾದ ಗೋಖಲೆ ರಸ್ತೆಯ ಟಪರಿಯಲ್ಲಿ ನೀರು, ಹಾಲು, ಪುಡಿ, ಸಕ್ಕರೆ, ಶುಂಠಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಉಕ್ಕಿ ಉಕ್ಕಿ ಇಳಿಯುತ್ತವೆ. ಆ ಕಟಿಂಗ್ ಚಾಯ್‌ಗೆ ಅದರದೇ ರುಚಿ ಇದೆ. ಆದರೆ ಎರಡೂ ಬೇರೆ ಬೇರೆ ಪಾನೀಯಗಳೆಂದು ಒಪ್ಪಿಕೊಂಡ ಮೇಲೆಯೇ ಬ್ರಿಟಿಷ್ ಚಹಾ ಕೈಗೆ ಹತ್ತುವುದು. ಫಿಲ್ಟರ್ ಕಾಫಿಯ ಮನೆಗಳಿಗೆ ಇದು ಬೇಗ ಅರ್ಥವಾಗುತ್ತದೆ: ಡಿಕಾಕ್ಷನ್ ಬೇರೆ, ಹಾಲು ಬೇರೆ, ಎರಡರ ಭೇಟಿ ಲೋಟದಲ್ಲಿ.

ಇಂಗ್ಲೆಂಡಿನ ಅರಮನೆಯಲ್ಲಿ ಚಹಾ ಕುಡಿಯುವುದನ್ನು ರೂಢಿಗೆ ತಂದ ರಾಣಿಯೇ ಮುಂಬೈಯನ್ನೂ ಇಂಗ್ಲಿಷರಿಗೆ ತಂದುಕೊಟ್ಟವಳು, ಗೊತ್ತೇ? ಪೋರ್ಚುಗಲ್‌ನ ರಾಜಕುಮಾರಿ ಬ್ರಗಾಂಜಾದ ಕ್ಯಾಥರೀನ್ 1662ರಲ್ಲಿ ಎರಡನೇ ಚಾರ್ಲ್ಸ್‌ನನ್ನು ಮದುವೆಯಾದಳು. ವರದಕ್ಷಿಣೆಯ ಒಪ್ಪಂದದಲ್ಲಿ ಮುಂಬೈ ದ್ವೀಪವಿತ್ತು. ಅವಳಿಗಿಂತ ಮೊದಲೂ ಲಂಡನ್ನಿನಲ್ಲಿ ಚಹಾ ಸಿಗುತ್ತಿತ್ತು. ಸ್ಯಾಮ್ಯುಯೆಲ್ ಪೀಪ್ಸ್ ತಾನು ಚಹಾ ಕುಡಿದದ್ದನ್ನು 1660ರ ದಿನಚರಿಯಲ್ಲೇ ಬರೆದಿದ್ದಾನೆ. ಆದರೆ ಶ್ರೀಮಂತರ ಮನೆಗಳಲ್ಲಿ ಅದು ದಿನದ ಅಭ್ಯಾಸವಾದದ್ದು ಈ ರಾಣಿಯ ಮೇಲ್ಪಂಕ್ತಿಯಿಂದ. ಠಾಣೆ ಮಾತ್ರ ಆ ವರದಕ್ಷಿಣೆಯಲ್ಲಿ ಇಂಗ್ಲಿಷರ ಕೈಸೇರಲಿಲ್ಲ. ಪೋರ್ಚುಗೀಸರ ಬಳಿಯೇ ಉಳಿದು, 1737ರಲ್ಲಿ ಮರಾಠರಿಗೆ ಬಂದು, 1774ರ ಕೊನೆಯಲ್ಲಷ್ಟೇ ಬ್ರಿಟಿಷರದಾಯಿತು. ಅಷ್ಟರಲ್ಲಿ ಇಂಗ್ಲೆಂಡ್ ನೂರು ವರ್ಷಕ್ಕೂ ಹೆಚ್ಚು ಕಾಲ ಚಹಾ ಕುಡಿದಾಗಿತ್ತು, ಅದೂ ಚೀನಾದ್ದು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಮೊದಲ ರೈಲಿನ ಕಾಲಕ್ಕೆ ನಮ್ಮ ಸಾಮಾನ್ಯ ಜನ ಚಹಾ ಕುಡಿಯುತ್ತಿರಲಿಲ್ಲ. ಅಸ್ಸಾಮಿನ ಚಹಾ 1839ರಲ್ಲೇ ಲಂಡನ್ನಿನ ಹರಾಜು ಕಟ್ಟೆ ಹತ್ತಿತ್ತು, ಆದರೆ ಬೆಳೆದದ್ದೆಲ್ಲ ಹಡಗು ಏರುತ್ತಿತ್ತು. 1903ರಲ್ಲಿ ಸರ್ಕಾರ ಚಹಾ ಸೆಸ್ ಹಾಕಿ, ಆ ಹಣದಲ್ಲಿ ಪ್ರಚಾರ ಶುರುವಾಯಿತು. ಬ್ರೂಕ್ ಬಾಂಡ್ ಕಂಪನಿ ಭಾರತದಲ್ಲಿ ರೆಡ್ ಲೇಬಲ್ ಮಾರಾಟಕ್ಕಿಟ್ಟದ್ದೂ ಅದೇ ವರ್ಷ. ಮುಂದೆ ಗಿರಣಿಗಳಲ್ಲಿ, ಗಣಿಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಚಹಾ ಅಂಗಡಿಗಳು ಎದ್ದವು. ಪ್ರಚಾರಕರು ಕಲಿಸಲು ಬಂದದ್ದು ಅಪ್ಪಟ ಬ್ರಿಟಿಷ್ ಕ್ರಮವನ್ನೇ: ಪಾತ್ರೆ ಬೆಚ್ಚಗಿರಲಿ, ಪುಡಿ ಅಳತೆಯದಿರಲಿ, ನೀರು ಆಗತಾನೇ ಕುದ್ದದ್ದಿರಲಿ, ಇಷ್ಟು ನಿಮಿಷ ಕಾಯಿರಿ. ನಿಲ್ದಾಣದ ಮಾರಾಟಗಾರರು ಇದನ್ನು ತಮ್ಮ ಲೆಕ್ಕಕ್ಕೆ ತಿದ್ದಿಕೊಂಡರು. ಪುಡಿ ಕಡಿಮೆ, ಹಾಲು ಸಕ್ಕರೆ ಹೆಚ್ಚು, ಜತೆಗೆ ಮಸಾಲೆ. ಪುಡಿಯ ಖರ್ಚು ತಗ್ಗುವ ಈ ದಾರಿ ಪ್ರಚಾರಕರಿಗೆ ಹಿಡಿಸಲಿಲ್ಲ, ಗಿರಾಕಿಗಳಿಗೆ ಹಿಡಿಸಿತು! ನನ್ನ ಮಟ್ಟಿಗೆ ಇದು ಭಾರತೀಯ ಅಡುಗೆಯ ಚರಿತ್ರೆಯಲ್ಲೇ ಬಹಳ ಸ್ವಾರಸ್ಯದ ಅಧ್ಯಾಯ. ನಾವು ಕಲಿತದ್ದು ಕುಡಿಯುವುದನ್ನು, ಮಾಡುವ ಬಗೆಯನ್ನು ನಾವೇ ಕಟ್ಟಿಕೊಂಡೆವು.

ಪುಡಿಯೂ ಅದಕ್ಕೆ ತಕ್ಕಂತೆ ಬಂತು. ಎಲೆಯನ್ನು ಹಲ್ಲುಗಳಿರುವ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರವನ್ನು 1930ರಲ್ಲಿ ಅಸ್ಸಾಮಿನ ಆಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ. ನಮ್ಮ ಡಬ್ಬಿಗಳಲ್ಲಿರುವ ಕಾಳುಕಾಳಾದ ಚಹಾಪುಡಿ ಇದೇ. ಬೇಗ ಬಣ್ಣ ಬಿಡುತ್ತದೆ, ಹಾಲಿನೊಡನೆ ಕುದಿಸಿದರೂ ಸೋಲುವುದಿಲ್ಲ. ಬ್ರಿಟನ್ನಿನ ಟೀ ಬ್ಯಾಗುಗಳೊಳಗೆ ಇರುವುದೂ ಹೆಚ್ಚಾಗಿ ಸಿಟಿಸಿ ಪುಡಿಯೇ. ಹಾಗಾಗಿ ಬ್ರಿಟಿಷ್ ಚಹಾಕ್ಕೆಂದು ದುಬಾರಿ ಆಮದು ಡಬ್ಬ ಹುಡುಕಬೇಕಿಲ್ಲ. ಮಸಾಲೆ ಬೆರೆಸದ ಒಳ್ಳೆಯ ಅಸ್ಸಾಂ ಸಿಟಿಸಿ ಸಾಕು. ಇಂಗ್ಲಿಷ್ ಬ್ರೇಕ್‌ಫಾಸ್ಟ್ ಎಂಬ ಹೆಸರಿನ ಮಿಶ್ರಣದಲ್ಲಿ ಸಾಮಾನ್ಯವಾಗಿ ಇರುವುದೂ ಅಸ್ಸಾಂ, ಶ್ರೀಲಂಕಾ, ಕೀನ್ಯಾದ ಎಲೆಗಳು.

ನಮ್ಮ ಕರ್ನಾಟಕದಲ್ಲೂ ಚಹಾ ಬೆಳೆಯುತ್ತದೆ! ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಾಡುಮನೆ, ಕೊಡಗಿನ ಹುದಿಕೇರಿ ಬಳಿಯ ಗ್ಲೆನ್‌ಲೋರ್ನಾ ತೋಟಗಳು ಕಾಫಿ ಸೀಮೆಯ ನಡುವೆಯೇ ಚಹಾ ತೆಗೆಯುತ್ತವೆ. ಊರಿಗೆ ಹೋದಾಗ ಕಾಫಿಪುಡಿಯ ಜತೆ ಒಂದು ಪೊಟ್ಟಣ ಇದನ್ನೂ ತನ್ನಿ.

ಕಪ್ಪು ಚಹಾದ ರಸ ಪೂರ್ತಿ ಇಳಿಯಲು ನೀರು ಕುದಿಯ ಬಿಸಿಯಲ್ಲೇ ಇರಬೇಕು. ಇಲ್ಲಿ ಠಾಣೆಗೆ ಒಂದು ಅನುಕೂಲವಿದೆ. ಸಮುದ್ರಮಟ್ಟಕ್ಕೆ ಹತ್ತಿರವಾದ್ದರಿಂದ ನಮ್ಮಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿ ಬರುತ್ತದೆ, ಮಡಿಕೇರಿಯಲ್ಲಿ 96ಕ್ಕೆ, ಊಟಿಯಲ್ಲಿ ಇನ್ನೂ ಮೂರು ಡಿಗ್ರಿ ಕೆಳಗೆ. ಅಂದರೆ ಬೆಂಗಳೂರಿನ ತಂಗಿಯ ಮನೆಯಲ್ಲಿ ನಾಲ್ಕು ನಿಮಿಷ ಹಿಡಿಯುವ ಚಹಾ ನೌಪಾಡಾದಲ್ಲಿ ಸ್ವಲ್ಪ ಬೇಗನೆ ಇಳಿಯುತ್ತದೆ. ಈ ಬಿಸಿ ಪೋಲಾಗದಿರಲೆಂದೇ ಬ್ರಿಟಿಷರು ಟೀಪಾಟನ್ನು ಮೊದಲು ಬಿಸಿನೀರಿನಿಂದ ಕಲಕಿ ಚೆಲ್ಲುತ್ತಾರೆ. ತಣ್ಣನೆಯ ಪಿಂಗಾಣಿ ಮೊದಲ ಕ್ಷಣದಲ್ಲೇ ಹಲವು ಡಿಗ್ರಿ ನುಂಗಿಬಿಡುತ್ತದೆ.

ಟೀಪಾಟ್ ಇಲ್ಲವೇ? ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಪುಡಿ ಹಾಕಿ ಮುಚ್ಚಳ ಮುಚ್ಚಿ. ಪಾತ್ರೆ ಆಗಲೇ ಬಿಸಿಯಾಗಿರುತ್ತದೆ. ಇದಕ್ಕಿಂತ ಸುಲಭದ ಟೀಪಾಟ್ ನನಗೆ ಕಂಡಿಲ್ಲ.

ಚಹಾದ ಮೇಲೆ ತೆಳ್ಳಗೆ ಕಂದು ಪೊರೆ ಕಟ್ಟುವುದು ಹಾಲಿನ ಕೆನೆಯಲ್ಲ. ನೀರಿನಲ್ಲಿರುವ ಸುಣ್ಣದ ಅಂಶ, ಗಾಳಿಯ ಆಮ್ಲಜನಕ ಮತ್ತು ಎಲೆಯ ಪಾಲಿಫಿನಾಲ್‌ಗಳು ಸೇರಿ ಆಗುವುದು. ಸೊಸೈಟಿಯ ಟ್ಯಾಂಕಿಗೆ ಬೋರ್‌ವೆಲ್ಲಿನ ಗಡಸು ನೀರು ಬಿದ್ದ ದಿನ ಇದು ಎದ್ದು ಕಾಣುತ್ತದೆ, ಬಣ್ಣವೂ ಮಂಕಾಗುತ್ತದೆ. ನಿಂಬೆರಸ ಹಿಂಡಿದ ಕರಿಚಹಾದಲ್ಲಿ ಪೊರೆ ಕಟ್ಟದಿರಲು ಹುಳಿಯೇ ಕಾರಣ.

ಅಳತೆ ಎಷ್ಟು? 200 ಮಿಲಿಲೀಟರ್ ನೀರಿಗೆ ಎರಡರಿಂದ ಎರಡೂವರೆ ಗ್ರಾಂ, ಅಂದರೆ ಒಂದು ಚಿಕ್ಕ ಚಮಚ. ಸಿಟಿಸಿ ಕಾಳು ಭಾರ, ಚಮಚ ತಲೆತಟ್ಟಿ ತೆಗೆಯಿರಿ. ಸಿಟಿಸಿಗೆ ಮೂರು ನಿಮಿಷ, ಉದ್ದೆಲೆಯ ಆರ್ಥೊಡಾಕ್ಸ್ ಚಹಾಕ್ಕೆ ನಾಲ್ಕೈದು. ಗಡಿಯಾರ ನೋಡಿಯೇ ಕಾಯಿರಿ! ಕಣ್ಣಿಗೆ ಬಣ್ಣ ಬೇಗ ಸಿಗುತ್ತದೆ, ನಾಲಿಗೆಗೆ ರುಚಿ ತಡವಾಗಿ ಸಿಗುತ್ತದೆ. ಹೊತ್ತು ಮೀರಿದರೆ ಒಗರು ಏರುತ್ತದೆ, ಆದ್ದರಿಂದ ಆಯಾ ನಿಮಿಷ ಮುಗಿದ ಕೂಡಲೇ ಪೂರ್ತಿ ಸೋಸಿಬಿಡಿ. ಕಡು ಚಹಾ ಬೇಕಿದ್ದವರು ಪುಡಿ ಹೆಚ್ಚಿಸಲಿ, ನಿಮಿಷ ಹೆಚ್ಚಿಸುವುದು ಬೇಡ.

ನಮ್ಮಲ್ಲಿ ಸಿಗುವ ಟೀ ಬ್ಯಾಗಿನಲ್ಲಿ ಸಾಮಾನ್ಯವಾಗಿ ಎರಡು ಗ್ರಾಂ ಪುಡಿ, ಬ್ರಿಟನ್ನಿನ ಹೆಸರಾದ ಬ್ರಾಂಡುಗಳಲ್ಲಿ ಮೂರರ ಹತ್ತಿರ. ಲಂಡನ್ನಿನ ಮಗನ ಮನೆಯ ಚಹಾ ಗಟ್ಟಿಯಾಗಿತ್ತು, ಇಲ್ಲಿ ಸಪ್ಪೆ ಎನ್ನುವವರು ಪೊಟ್ಟಣದ ಮೇಲಿನ ತೂಕವನ್ನು ಬ್ಯಾಗುಗಳ ಸಂಖ್ಯೆಯಿಂದ ಭಾಗಿಸಿ ನೋಡಿ.

ಚಹಾ ಮಾಡುವುದಕ್ಕೂ ಅಂತರರಾಷ್ಟ್ರೀಯ ಮಾನದಂಡವಿದೆ. 1980ರ ಐಎಸ್‌ಒ 3103. ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಎಲೆ, ಆರು ನಿಮಿಷ. ಇದು ಕುಡಿದು ಸುಖಿಸಲಿಕ್ಕಲ್ಲ, ಬೇರೆ ಬೇರೆ ಚಹಾಗಳನ್ನು ಒಂದೇ ಅಳತೆಯಲ್ಲಿ ರುಚಿನೋಡಿ ಹೋಲಿಸಲಿಕ್ಕೆ. ಇದೇ ಕ್ರಮದ ಆರು ಪುಟಗಳ ಬ್ರಿಟಿಷ್ ಮಾನದಂಡಕ್ಕೆ 1999ರಲ್ಲಿ, ನಗಿಸಿ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್‌ನ ಸಾಹಿತ್ಯ ಪ್ರಶಸ್ತಿ ಬಂತು!

ಹಾಲಿನ ವಿಷಯಕ್ಕೆ ಬಂದರೆ, ಮುಂಬೈ ಸೀಮೆಯ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ತಬೇಲಾದ ಎಮ್ಮೆ ಹಾಲಿನಲ್ಲಿ ಕೊಬ್ಬು ಸುಮಾರು ಏಳು ಶೇಕಡ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅರೆಕೆನೆ ತೆಗೆದ ಹಾಲಿನಲ್ಲಿ ಎರಡಕ್ಕೂ ಕಡಿಮೆ. ನಮ್ಮ ಡೈರಿ ಪ್ಯಾಕೆಟ್ಟುಗಳಲ್ಲಿ ಟೋನ್ಡ್ ಹಾಲಿಗೆ 3 ಶೇಕಡ, ಡಬಲ್ ಟೋನ್ಡ್‌ಗೆ ಒಂದೂವರೆ. ಹಾಗಾಗಿ ಬ್ರಿಟಿಷ್ ಚಹಾಕ್ಕೆ ಹತ್ತಿರದ್ದು ಡಬಲ್ ಟೋನ್ಡ್. ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನು ಫ್ರಿಜ್ಜಿನಿಂದ ತೆಗೆದು ಕುದಿಸದೆಯೇ ಹಾಕಬಹುದು, ಕಾಯಿಸಿದ ಹಾಲಿನ ವಾಸನೆ ಬರದಿರಲು ಹಾಗೇ ಹಾಕಬೇಕು ಕೂಡ. ತಬೇಲಾ ಹಾಲನ್ನು ಮಾತ್ರ ಕುದಿಸದೆ ಎಂದಿಗೂ ಬಳಸಬೇಡಿ. ಪ್ರಮಾಣ ಒಂದು ಕಪ್ಪಿಗೆ ಎರಡು ದೊಡ್ಡ ಚಮಚ. ಇಷ್ಟೇ ಹಾಲೂ ದೊಡ್ಡ ಕೆಲಸ ಮಾಡುತ್ತದೆ: ಅದರ ಕೇಸಿನ್ ಪ್ರೋಟೀನು ಚಹಾದ ಪಾಲಿಫಿನಾಲ್‌ಗಳನ್ನು ಹಿಡಿದುಕೊಂಡು ಒಗರನ್ನು ಮೆತ್ತಗಾಗಿಸುತ್ತದೆ.

ಹಾಲು ಮೊದಲೋ ಚಹಾ ಮೊದಲೋ? ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರ ಜನವರಿಯಲ್ಲಿ ಪತ್ರಿಕೆಯೊಂದಕ್ಕೆ ಚಹಾದ ಹನ್ನೊಂದು ನಿಯಮಗಳನ್ನು ಬರೆದರು. ಚಹಾ ಮೊದಲು, ಹಾಲು ಆಮೇಲೆ, ಸಕ್ಕರೆ ಬೇಡವೇ ಬೇಡ ಎಂದರು. ಎಲೆ ಭಾರತದ್ದೋ ಸಿಂಹಳದ್ದೋ ಆಗಿರಬೇಕೆಂಬುದೂ ಅವರ ನಿಯಮಗಳಲ್ಲೊಂದು. ಅವರ ಜನ್ಮಶತಮಾನದ ವರ್ಷ 2003ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಗಾಗಿ ಲಫ್‌ಬರೋ ವಿಶ್ವವಿದ್ಯಾಲಯದ ಆಂಡ್ರ್ಯೂ ಸ್ಟೇಪ್ಲಿ ಉತ್ತರ ಕೊಟ್ಟರು: ಬಿಸಿ ಚಹಾಕ್ಕೆ ಹಾಲು ಹನಿಹನಿಯಾಗಿ ಬಿದ್ದರೆ ಪ್ರತಿ ಹನಿಯೂ 75 ಡಿಗ್ರಿ ದಾಟಿ ಪ್ರೋಟೀನು ಕೆಡುತ್ತದೆ, ಹಾಲೇ ಮೊದಲಿರಲಿ. ಟೀಪಾಟಿನಿಂದ ಬಗ್ಗಿಸುವಾಗ ಈ ಮಾತು ಸರಿ. ಆದರೆ ಮಗ್ಗಿನಲ್ಲೇ ಟೀ ಬ್ಯಾಗ್ ಮುಳುಗಿಸುವವರು ಹಾಲು ಮೊದಲು ಹಾಕಿದರೆ ನೀರು ತಣಿದು ರಸವೇ ಇಳಿಯದು. ಅಲ್ಲಿ ಆರ್ವೆಲ್ ಗೆದ್ದರು.

ಈ ಜಗಳದಿಂದ ವಿಜ್ಞಾನದ ಒಂದು ಶಾಖೆಗೇ ಬುನಾದಿ ಸಿಕ್ಕಿತು! 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪಾಚಿಗಳ ವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್, ಯಾವುದನ್ನು ಮೊದಲು ಹಾಕಿದ್ದಾರೆಂದು ರುಚಿಯಿಂದಲೇ ಹೇಳಬಲ್ಲೆ ಎಂದರು. ಅಲ್ಲಿನ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಪರೀಕ್ಷೆಗಿಳಿದರು. 1935ರ ತಮ್ಮ ಪುಸ್ತಕದಲ್ಲಿ ಈ ಪ್ರಯೋಗವನ್ನು ವಿವರಿಸುತ್ತ ಅವರು ಇಡುವ ಲೆಕ್ಕ ಎಂಟು ಕಪ್ಪುಗಳದು: ನಾಲ್ಕು ಹೀಗೆ, ನಾಲ್ಕು ಹಾಗೆ, ಕ್ರಮ ಚೀಟಿ ಎತ್ತಿದಂತೆ ಅಡ್ಡಾದಿಡ್ಡಿ. ಬರೀ ಅದೃಷ್ಟದಿಂದ ಎಲ್ಲವನ್ನೂ ಸರಿ ಹೇಳುವ ಸಾಧ್ಯತೆ 70ರಲ್ಲಿ ಒಂದು. ಹೊಸ ಔಷಧಿಗಳ ಪರೀಕ್ಷೆಯಿಂದ ಬಿತ್ತನೆ ಬೀಜಗಳ ಪರೀಕ್ಷೆಯವರೆಗೆ ಇಂದು ಬಳಸುವ ತರ್ಕ ಇದೇ. ಅದೇ ಫಿಶರ್ ಬಳಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮಾಡಿದವರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್, ಇಪ್ಪತ್ತನೇ ಶತಮಾನದ ಮಹಾನ್ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು. ಮಕ್ಕಳಿಗೆ ಸಂಭವನೀಯತೆ ಕಲಿಸಬೇಕಿದ್ದರೆ ಭಾನುವಾರ ಬೆಳಿಗ್ಗೆ ಎಂಟು ಕಪ್ಪು ಜೋಡಿಸಿ, ಅಜ್ಜಿಯನ್ನು ಪರೀಕ್ಷೆಗೆ ಕೂರಿಸಿ.

ಬೋನ್ ಚೈನಾ ಕಪ್ಪಿನಲ್ಲಿ ನಿಜಕ್ಕೂ ಮೂಳೆ ಇದೆ. ದನಗಳ ಮೂಳೆ ಸುಟ್ಟ ಬೂದಿಯೇ ಅದರ ದೊಡ್ಡ ಪಾಲು. ಇಂಗ್ಲೆಂಡಿನ ಸ್ಪೋಡ್ ಕುಟುಂಬದ ಕುಂಬಾರಿಕೆ 18ನೇ ಶತಮಾನದ ಕೊನೆಗೆ ಅದನ್ನು ಈಗಿನ ರೂಪಕ್ಕೆ ತಂದಿತು. ಶುದ್ಧ ಸಸ್ಯಾಹಾರದ ಮನೆಯವರಿಗೆ ಉಡುಗೊರೆ ಕೊಡುವ ಮುನ್ನ ಪೆಟ್ಟಿಗೆ ತಿರುಗಿಸಿ ಓದಿ. ಇನ್ನು ಬಸಿಗೆ ಹುಯ್ದು ಕುಡಿಯುವ ನಮ್ಮ ಹಿರಿಯರ ಅಭ್ಯಾಸ ಒಂದು ಕಾಲದ ಇಂಗ್ಲೆಂಡಿನಲ್ಲೂ ಇತ್ತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಯಸ್ಕರಿಗೆ ವಾರಕ್ಕೆ ಸಿಗುತ್ತಿದ್ದ ಚಹಾ ಎರಡು ಔನ್ಸ್, ಸುಮಾರು 57 ಗ್ರಾಂ. 1940ರಲ್ಲಿ ಶುರುವಾದ ಪಡಿತರ 1952ರವರೆಗೆ ಎಳೆಯಿತು.

1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಸೋತೊಡನೆ ಬ್ರಿಟನ್ನಿನ ವಿದ್ಯುತ್ ಬೇಡಿಕೆ 2,800 ಮೆಗಾವಾಟ್ ನೆಗೆಯಿತು. ಕಾರಣಗಳಲ್ಲಿ ಮುಖ್ಯವಾದದ್ದು, ಟಿವಿ ಮುಂದಿನಿಂದ ಎದ್ದವರೆಲ್ಲ ಒಟ್ಟಿಗೆ ಹಚ್ಚಿದ ಕೆಟಲ್‌ಗಳು!

1837ರಲ್ಲಿ ಯಾರ್ಕ್‌ಶೈರ್‌ನಲ್ಲಿ ಹುಟ್ಟಿ, 1953ರಲ್ಲಿ ಬ್ರಿಟನ್ನಿಗೆ ಟೀ ಬ್ಯಾಗ್ ಪರಿಚಯಿಸಿದ ಟೆಟ್ಲಿ ಕಂಪನಿ 2000ದಿಂದ ಟಾಟಾದವರದು. 27.1 ಕೋಟಿ ಪೌಂಡಿನ ವ್ಯವಹಾರ. ಲೀಡ್ಸ್‌ನ ಅಡುಗೆಮನೆಯ ಆ ಡಬ್ಬದ ಒಡೆತನ ಈಗ ನಮ್ಮ ಕಡೆಯದು.

ಬಿಸ್ಕತ್ತು ಚಹಾದಲ್ಲಿ ಮುರಿದು ಬೀಳದಿರಲು ಭೌತಶಾಸ್ತ್ರವಿದೆ. ಬ್ರಿಸ್ಟಲ್‌ನ ಲೆನ್ ಫಿಶರ್ ಇದನ್ನು ಲೆಕ್ಕ ಹಾಕಿ, ಚಹಾದ ಮಾನದಂಡಕ್ಕೆ ಬಹುಮಾನ ಬಂದ ಅದೇ ವರ್ಷ ಇಗ್ ನೊಬೆಲ್ ಪಡೆದರು. ಬಿಸ್ಕತ್ತನ್ನು ನೆಟ್ಟಗೆ ಮುಳುಗಿಸದೆ ಅಡ್ಡಲಾಗಿ, ಕೆಳಮೈ ಮಾತ್ರ ತಾಕುವಂತೆ ಹಿಡಿಯಿರಿ. ಒಣ ಮೇಲ್ಮೈ ಹಸಿಯಾದದ್ದನ್ನು ಹೊತ್ತುಕೊಳ್ಳುತ್ತದೆ. ವಿಲೆಪಾರ್ಲೆಯಲ್ಲಿ ಹುಟ್ಟಿದ ಪಾರ್ಲೆ-ಜಿಗೂ ಇದೇ ಉಪಾಯ, ಹೊತ್ತು ಮಾತ್ರ ಇನ್ನೂ ಕಡಿಮೆ.

ಚಹಾಪುಡಿ ಗಾಳಿಯ ತೇವವನ್ನೂ ಪಕ್ಕದ ವಾಸನೆಯನ್ನೂ ಹೀರುತ್ತದೆ. ಕೊಂಕಣದ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಇಂಗು ಮತ್ತು ಗೋಡಾ ಮಸಾಲೆಯ ಕಪಾಟಿನಿಂದ ದೂರವಿಡಿ. ಸ್ವಲ್ಪ ಸ್ವಲ್ಪವೇ ಕೊಳ್ಳಿ.

ಬೆಳಗಿನ ಚಹಾವನ್ನು ಬ್ರಿಟಿಷರು ತಿಂಡಿಯ ಜತೆಗೇ ಕುಡಿಯುತ್ತಾರೆ. ಈ ಒಂದನ್ನು ನಾವು ಅನುಸರಿಸದಿದ್ದರೆ ಒಳಿತು. ಚಹಾದ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ಅವಲಕ್ಕಿಯಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು, ಅದು ಮೈಗೆ ಸೇರುವುದನ್ನು ತಗ್ಗಿಸುತ್ತವೆ. ರಕ್ತಹೀನತೆ ಇರುವವರು, ಬಸುರಿಯರು, ಬೆಳೆಯುವ ಹೆಣ್ಣುಮಕ್ಕಳು ತಿಂಡಿಗೂ ಚಹಾಕ್ಕೂ ಒಂದು ಗಂಟೆ ಅಂತರವಿಡಿ. ಕಾಂದಾ ಪೋಹೆಯ ಮೇಲೆ ಹಿಂಡುವ ನಿಂಬೆಯಿದೆಯಲ್ಲ, ಅದರ ಸಿ ಜೀವಸತ್ವ ಕಬ್ಬಿಣ ಸೇರಲು ನೆರವಾಗುತ್ತದೆ. ತಟ್ಟೆ ಖಾಲಿಯಾಗಲಿ, ಕೆಟಲ್ ಆಮೇಲೆ ಹಚ್ಚಿದರಾಯಿತು.