ಮೈಸೂರು ಸವಾರರ ಯುದ್ಧಭೂಮಿ: ಹಳೆಯ ಫೋಟೊ ಹುಡುಕುವ ಬಗೆ

ಬೆಂಗಳೂರಿನ ಗೋವಿಂದರಾಜನಗರ, ಮೂಡಲಪಾಳ್ಯ, ವಿಜಯನಗರದ ಸುತ್ತ ಮೈಸೂರು ಸೀಮೆಯಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಅಂಥ ಮನೆಯ ಅಟ್ಟದಲ್ಲಿ ಪೇಟ ಸುತ್ತಿ, ಕುದುರೆಯ ಪಕ್ಕ ಭರ್ಜಿ ಹಿಡಿದು ನಿಂತ ಮುತ್ತಜ್ಜನ ಫೋಟೊ ಸಿಕ್ಕರೆ, ಅದು ಯಾವ ದೇಶದ ಯಾವ ಊರಲ್ಲಿ ತೆಗೆದದ್ದು ಎಂದು ಪತ್ತೆ ಮಾಡಬಹುದೇ? ಬಹಳಷ್ಟು ಸಲ ಮಾಡಬಹುದು. ಮನೆಯಲ್ಲಿ ಕೂತೇ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧಕ್ಕೆ ತಾಳ್ಮೆ ಬೇಕು.

ಮೊದಲು ಹಿನ್ನೆಲೆ. ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ನಮ್ಮ ಸಂಸ್ಥಾನದ ಅಶ್ವದಳ ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. ಮುಂದೆ ಜೋಧ್‌ಪುರ, ಹೈದರಾಬಾದ್ ಅಶ್ವದಳಗಳ ಜೊತೆ ಒಂದೇ ಬ್ರಿಗೇಡಿನಲ್ಲಿ ಪ್ಯಾಲೆಸ್ಟೈನಿನಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಿತ್ತು. ಜೋಧ್‌ಪುರದವರು ಊರಿನತ್ತ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಹಿಡಿಯಲು ಕಡಿದಾದ ದಾರಿ ಹತ್ತಿತು. ಆ ದಿನ ಬ್ರಿಗೇಡಿನ 8 ಮಂದಿ ಸತ್ತರು, 34 ಮಂದಿಗೆ ಗಾಯ, 60 ಕುದುರೆಗಳು ನೆಲಕ್ಕುರುಳಿದವು. ಸೆರೆ ಸಿಕ್ಕವರು 1,350 ಜನ. ತಿಂಗಳ ನಂತರ, ಅಕ್ಟೋಬರ್ 26ರಂದು, ಅಲೆಪ್ಪೊದ ಉತ್ತರಕ್ಕೆ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧ್‌ಪುರದವರು ಮತ್ತೊಮ್ಮೆ ಕುದುರೆ ಓಡಿಸಿದರು. ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಮತ್ತು ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಇವರ ನೆನಪಿಗೇ ನಿಂತಿವೆ.

ಹೈಫಾ ಬಿದ್ದ ಮೇಲೆ 1920ರ ಜುಲೈವರೆಗೆ ಆ ಪ್ರದೇಶ ಬ್ರಿಟಿಷ್ ಸೈನ್ಯದ ಆಡಳಿತದಲ್ಲಿತ್ತು. ಗೆದ್ದ ಸೈನ್ಯವೇ ಆಳುತ್ತಿದ್ದ ಆ ಎರಡು ವರ್ಷದಲ್ಲಿ ಹಳೆಯ ಕಂದಕಗಳು, ಮುರಿದ ಫಿರಂಗಿಗಳು, ಮರದ ಗುರುತು ನೆಟ್ಟ ಹೊಸ ಸಮಾಧಿಗಳು ಸಾಕಷ್ಟು ಕ್ಯಾಮೆರಾ ಕಣ್ಣಿಗೆ ಬಿದ್ದವು. ಇವು ಗೆದ್ದವರ ಕಣ್ಣಿನ ಚಿತ್ರಗಳು ಎಂಬುದು ನೆನಪಿರಲಿ. ಮೂಲೆಯಲ್ಲಿ ಸುಮ್ಮನೆ ನಿಂತ ಸ್ಥಳೀಯ ರೈತನ ಹೆಸರನ್ನು ಯಾರೂ ಬರೆದುಕೊಂಡಿಲ್ಲ. ನಮ್ಮ ಸವಾರನ ಹೆಸರನ್ನೂ ಬಹುಪಾಲು ಬರೆದಿಲ್ಲ, ‘ಭಾರತೀಯ ಲ್ಯಾನ್ಸರ್‌ಗಳು’ ಎಂದಷ್ಟೇ ಇರುತ್ತದೆ. ಆ ಹೆಸರುಗಳನ್ನು ಮರಳಿ ಕೂಡಿಸುವುದೇ ಈ ಹುಡುಕಾಟದ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ.

ಚಿತ್ರಗಳು ಎಲ್ಲಿವೆ? ಸೈನ್ಯದ ಅಧಿಕೃತ ಛಾಯಾಗ್ರಾಹಕರು ತೆಗೆದವು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲೂ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನಲ್ಲೂ ಇವೆ. ಜೆರುಸಲೇಮಿನ ಅಮೆರಿಕನ್ ಕಾಲೊನಿಯ ಛಾಯಾಗ್ರಾಹಕರ ನೆಗೆಟಿವ್‌ಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮ್ಯಾಟ್ಸನ್ ಸಂಗ್ರಹ ಎಂಬ ಹೆಸರಲ್ಲಿವೆ. ಇಪ್ಪತ್ತು ಸಾವಿರಕ್ಕೂ ಹೆಚ್ಚಿರುವ ಈ ಸಂಗ್ರಹ ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ. ಊರು, ಬೆಟ್ಟ, ನಿಲ್ದಾಣಗಳ ಸ್ಪಷ್ಟ ಚಿತ್ರಗಳಿರುವುದರಿಂದ ನಿಮ್ಮ ಕೈಯಲ್ಲಿರುವ ಮಸುಕು ಫೋಟೊದ ಹಿನ್ನೆಲೆಯನ್ನು ತಾಳೆ ನೋಡಬಹುದು. ಜರ್ಮನಿಯ ಬವೇರಿಯಾದ 304ನೇ ವಿಮಾನದಳ 1917-18ರಲ್ಲಿ ಆಕಾಶದಿಂದ ತೆಗೆದ ಪ್ಯಾಲೆಸ್ಟೈನ್ ಚಿತ್ರಗಳು ಮ್ಯೂನಿಕ್ಕಿನ ಪತ್ರಾಗಾರದಲ್ಲಿವೆ. ಗಾಜಾದ ಕಂದಕಗಳ ಸಾಲು ಎಲ್ಲಿ ಹಾದಿತ್ತು ಎಂದು ಅರಿಯಲು ಅವನ್ನು ನೋಡಬೇಕು. ಇವೆಲ್ಲದರ ಆಚೆಗೆ ಸೈನಿಕರ ಸ್ವಂತ ಚಿತ್ರಗಳು. 1912ರಲ್ಲಿ ಬಂದ ವೆಸ್ಟ್ ಪಾಕೆಟ್ ಕೊಡಾಕ್ ಅಂಗಿಯ ಜೇಬಿನಲ್ಲಿ ಹಿಡಿಸುತ್ತಿತ್ತು. ಅದರ ನೆಗೆಟಿವ್ ಸುಮಾರು 4×6.5 ಸೆಂಟಿಮೀಟರ್. ಹಳೆಯ ಆಲ್ಬಮ್ಮಿನಲ್ಲಿ ಅಷ್ಟೇ ಅಳತೆಯ ಪುಟ್ಟ ಪ್ರಿಂಟ್ ಕಂಡರೆ ಇದೇ ಕ್ಯಾಮೆರಾ ಇದ್ದೀತೆಂದು ಊಹಿಸಬಹುದು.

ಬೆಂಗಳೂರಿನಲ್ಲೇ ಹುಡುಕುವವರು ಅತ್ತಿಗುಪ್ಪೆಯಲ್ಲೋ ಹೊಸಹಳ್ಳಿಯಲ್ಲೋ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಸಾಕು. ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಹಳೆಯ ಕಡತಗಳಿವೆ. ಫೋಟೊ ಸಿಗದಿದ್ದರೂ ಹೆಸರು, ಹುದ್ದೆ, ದಿನಾಂಕ ತಾಳೆ ನೋಡಲು ಕಡತವೇ ಆಧಾರ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳನ್ನೂ ಭಾನುವಾರದ ಸಂತೆಯನ್ನೂ ಬಿಡಬೇಡಿ.

ಕೊಳ್ಳುವ ಮುಂಚೆ ಪರೀಕ್ಷೆ ಆಗಬೇಕು. ಭೂತಗನ್ನಡಿ ಹಿಡಿದಾಗ ಸಾಲುಸಾಲು ಚುಕ್ಕೆಗಳು ಕಂಡರೆ ಅದು ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಾದ ಚಿತ್ರ, ಫೋಟೊ ಅಲ್ಲ. ಕಪ್ಪು ಭಾಗದ ಅಂಚಿನಲ್ಲಿ ನೀಲಿ ಬೆರೆತ ಬೆಳ್ಳಿ ಹೊಳಪು ಕಂಡರೆ ಹಳೆಯ ಪ್ರಿಂಟ್ ಆಗಿರುವ ಸಾಧ್ಯತೆ ಹೆಚ್ಚು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ನೋಟು ಪರೀಕ್ಷೆಗೆಂದು ಮಾರುವ ನೇರಳಾತೀತ ಟಾರ್ಚ್ ಒಂದು ಕೊಂಡಿಡಿ. ಸರಿಸುಮಾರು 1950ರ ನಂತರ ತಯಾರಾದ ಬಹಳಷ್ಟು ಫೋಟೊ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುವುದರಿಂದ ಕತ್ತಲಲ್ಲಿ ಆ ಬೆಳಕು ಬಿಟ್ಟರೆ ಕಾಗದ ನೀಲಿಯಾಗಿ ಹೊಳೆಯುತ್ತದೆ. 1918ರದ್ದು ಎಂದು ಮಾರುವ ಪ್ರಿಂಟ್ ಹಾಗೆ ಹೊಳೆದರೆ ಅದು ನಂತರ ಮಾಡಿದ ಪ್ರತಿ. ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಎಂದೂ ತೀರ್ಮಾನಿಸಬೇಡಿ.

ಆಮೇಲೆ ಚಿತ್ರದೊಳಗಿನ ಸಾಕ್ಷ್ಯ. ಎದೆಯ ಮೇಲೆ ಮಹಾಯುದ್ಧದ ಮೂರು ಪದಕಗಳು ಒಟ್ಟಿಗೆ ಇದ್ದರೆ ಆ ಫೋಟೊ 1919ಕ್ಕಿಂತ ಹಿಂದಿನದಲ್ಲ. ಬಹುಶಃ ಊರಿಗೆ ಮರಳಿದ ಮೇಲೆ ಸ್ಟುಡಿಯೊದಲ್ಲಿ ತೆಗೆಸಿದ್ದು. ರಟ್ಟಿನ ಕೆಳಗೆ ಸ್ಟುಡಿಯೊ ಹೆಸರು ಒತ್ತಿದ್ದರೆ ಅದು ಕೈರೊದ್ದೋ ಪೋರ್ಟ್ ಸೈದಿನದ್ದೋ ನಮ್ಮ ದಂಡು ಪ್ರದೇಶದ್ದೋ ನೋಡಿ. ಗಂಡಭೇರುಂಡದ ಬಿಲ್ಲೆ ಕಂಡರೆ ಮೈಸೂರಿನ ಸವಾರ ಎನ್ನಲು ಬಲವಾದ ಆಧಾರ. ಪೇಟದ ಸುತ್ತು ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಹೈಫಾದ್ದು ಎನ್ನುವ ಚಿತ್ರವಾದರೆ ಊರಿನ ಬೆನ್ನಿಗೆ ಕಾರ್ಮೆಲ್ ಬೆಟ್ಟದ ಸಾಲು, ಎದುರಿಗೆ ಕೊಲ್ಲಿ ಇರಬೇಕು. ಸಮಾಧಿಗಳಲ್ಲಿ ಮರದ ಗುರುತುಗಳಿದ್ದರೆ ಯುದ್ಧದ ವರ್ಷಗಳದ್ದೋ ಅದರ ಬೆನ್ನಿನದ್ದೋ. ಒಂದೇ ಅಳತೆಯ ಕಲ್ಲುಗಳ ಅಚ್ಚುಕಟ್ಟು ಸಾಲಿದ್ದರೆ 1920ರ ದಶಕದ್ದೋ ಆಮೇಲಿನದ್ದೋ. ಜೆರುಸಲೇಮಿನ ಯುದ್ಧ ಸ್ಮಶಾನ ಉದ್ಘಾಟನೆಯಾದದ್ದು 1927ರ ಮೇ 7ರಂದು.

ಪ್ರಸಿದ್ಧ ಚಿತ್ರವೆಂದು ಎಚ್ಚರ ತಪ್ಪಬಾರದು. 1917ರ ಅಕ್ಟೋಬರ್ 31ರಂದು ಪ್ಯಾಲೆಸ್ಟೈನಿನ ಬೀರ್‌ಶೆಬಾದಲ್ಲಿ ನಡೆದ ಅಶ್ವದಾಳಿಯದ್ದೆಂದು ಜಗತ್ತೆಲ್ಲ ನೋಡಿದ ಒಂದು ಫೋಟೊ ಇದೆ. ಅದು ನಿಜವಾದ ದಾಳಿಯದೋ, ಆಮೇಲೆ ಕ್ಯಾಮೆರಾಕ್ಕಾಗಿ ಕುದುರೆ ಓಡಿಸಿದ್ದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಹೈಫಾ ದಾಳಿಯ ಚಿತ್ರವೆಂದು ಮೊಬೈಲಿನಲ್ಲಿ ಹರಿದಾಡುವುದನ್ನು ಯಾವ ಸಂಗ್ರಹದ್ದು, ಯಾವ ಸಂಖ್ಯೆಯದ್ದು ಎಂದು ತಿಳಿಯದೆ ನಂಬಬೇಡಿ, ಮುಂದಕ್ಕೆ ಕಳಿಸಲೂಬೇಡಿ.

ಎರಡನೇ ಮಹಾಯುದ್ಧದಿಂದ ಒಂದು ಪಾಠ ಕಲಿಯಬೇಕು. 1940ರಲ್ಲಿ ಫ್ರಾನ್ಸ್, ಬೆಲ್ಜಿಯಂಗಳನ್ನು ಹಿಡಿದ ಜರ್ಮನ್ ಸೈನಿಕರು ಹಿಂದಿನ ಯುದ್ಧದ ರಣರಂಗಗಳನ್ನೂ ಸ್ಮಶಾನಗಳನ್ನೂ ತಮ್ಮ ಕ್ಯಾಮೆರಾಗಳಲ್ಲಿ ಹೇರಳವಾಗಿ ತೆಗೆದರು. ಅಂಥ ಆಲ್ಬಮ್ಮುಗಳು ಇಂದು ಹರಾಜಿಗೆ ಬರುತ್ತವೆ. ಹೆಚ್ಚು ದುಡ್ಡು ಸಿಗುತ್ತದೆಂದು ವ್ಯಾಪಾರಿಗಳು ಪುಟಗಳಿಂದ ಕಿತ್ತು ಒಂದೊಂದೇ ಫೋಟೊ ಮಾರುತ್ತಾರೆ. ಕಿತ್ತೊಡನೆ ಹಿಂದಿನ ಚಿತ್ರ ಯಾವುದು, ಮುಂದಿನದು ಯಾವುದು, ಕೈಬರಹ ಯಾರದು ಎಂಬುದೆಲ್ಲ ಹೋಗುತ್ತದೆ. ಇದು ನನಗೆ ನೋವಿನ ಸಂಗತಿ. ಇಡೀ ಆಲ್ಬಮ್ ಕೊಳ್ಳಲಾಗದಿದ್ದರೆ ಪ್ರತಿ ಪುಟದ ಫೋಟೊವನ್ನಾದರೂ ಮಾರುವವರ ಒಪ್ಪಿಗೆ ಪಡೆದು ತೆಗೆದುಕೊಳ್ಳಿ.

ಸ್ಮಾರಕವೇ ಹೋದ ಮೇಲೆ ಫೋಟೊ ಒಂದೇ ಸಾಕ್ಷಿ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ ಸತ್ತ ಸುಮಾರು 4,000 ಭಾರತೀಯ ಸೈನಿಕರಿಗಾಗಿ 1926ರಲ್ಲಿ ಸೂಯೆಜ್ ಕಾಲುವೆಯ ಬಾಯಲ್ಲಿ ಪೋರ್ಟ್ ತೌಫಿಕ್ ಸ್ಮಾರಕ ಎದ್ದಿತು. ಅದರ ಎರಡು ಹುಲಿಗಳನ್ನು ಕೆತ್ತಿದವರು ಚಾರ್ಲ್ಸ್ ಸಾರ್ಜಂಟ್ ಜ್ಯಾಗರ್. 1967-73ರ ಇಸ್ರೇಲ್-ಈಜಿಪ್ಟ್ ಕಾಳಗದಲ್ಲಿ ಪೆಟ್ಟು ತಿಂದ ಅದನ್ನು ಕೊನೆಗೆ ಕೆಡವಲಾಯಿತು. ಬದಲಿ ಸ್ಮಾರಕ 1980ರಲ್ಲಿ ಕೈರೊದ ಹೆಲಿಯೊಪೊಲಿಸ್ ಸ್ಮಶಾನದಲ್ಲಿ ಬಂತು. ಹಡಗಿನಲ್ಲಿ ಹೋದವರು ಕೊಂಡ ಪೋಸ್ಟ್‌ಕಾರ್ಡುಗಳಲ್ಲಿ ಆ ಹುಲಿಗಳು ಇನ್ನೂ ಸಿಗುತ್ತವೆ. ಅಷ್ಟು ದೂರವೇಕೆ, ನಮ್ಮ ಪಾಲಿಕೆ ಕಚೇರಿಯ ಬಳಿ ಇದ್ದ, ಮೈಸೂರು ಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಸ್ಮಾರಕಸ್ತಂಭವನ್ನು 1964ರಲ್ಲಿ ತೆಗೆದುಹಾಕಿದ ಮೇಲೆ ಅದರ ರೂಪ ತಿಳಿಯಲು ನಮಗೂ ಹಳೆಯ ಚಿತ್ರಗಳೇ ಗತಿ.

ಹೆಸರು ಹುಡುಕಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗೆ ಹೋಗಿ. ಹಿಂದೂ, ಸಿಖ್ ಸೈನಿಕರ ದಹನವಾಗುತ್ತಿದ್ದುದರಿಂದ ಎಷ್ಟೋ ಜನರಿಗೆ ಪ್ರತ್ಯೇಕ ಸಮಾಧಿಯಿಲ್ಲ, ಸ್ಮಾರಕದ ಪಟ್ಟಿಯಲ್ಲಷ್ಟೇ ಹೆಸರು. ಇಂಗ್ಲಿಷ್ ಕಾಗುಣಿತ ಹೇಗೆ ಬೇಕಾದರೂ ಇರಬಹುದು, ಆದ್ದರಿಂದ ವ್ಯಕ್ತಿಯ ಹೆಸರಿಗಿಂತ ರೆಜಿಮೆಂಟಿನ ಹೆಸರು ಹಾಕಿ ಹುಡುಕುವುದು ಲೇಸು. ಎಲ್ಲರ ಹೆಸರೂ ಸಿಗುತ್ತದೆಂದು ಭಾವಿಸಬೇಡಿ. ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರನ್ನು, ಬಹುಪಾಲು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರನ್ನು, ಹೆಸರಿಟ್ಟು ಸ್ಮರಿಸಿಲ್ಲ ಎಂದು ಆಯೋಗದ್ದೇ ಸಮಿತಿ 2021ರಲ್ಲಿ ಒಪ್ಪಿಕೊಂಡಿದೆ.

ಕಾಪಾಡುವುದು ಕಷ್ಟವಲ್ಲ. ಲ್ಯಾಮಿನೇಷನ್ ಬೇಡ, ಅಂಟುವ ಪುಟಗಳ ಆಲ್ಬಮ್ ಬೇಡ, ಫೋಟೊವನ್ನು ಬೆರಳಿನಿಂದ ಮುಟ್ಟಬೇಡಿ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಇಟ್ಟು, ಮಳೆಗಾಲದ ತೇವ ತಾಕದ ಒಳಗೋಡೆಯ ಬೀರುವಿನಲ್ಲಿಡಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪುಟ್ಟ ಪ್ರಿಂಟಾದರೆ 1200. ಹಿಂಬದಿಯಲ್ಲಿ ಏನೂ ಬರೆದಿಲ್ಲವೆಂದು ಕಂಡರೂ ಅದನ್ನೂ ಸ್ಕ್ಯಾನ್ ಮಾಡಿ, ಕಾಗದದ ಕಂಪನಿಯ ಮಸುಕು ಮುದ್ರೆ ಪರದೆಯ ಮೇಲೆ ಕಾಣಿಸುವುದುಂಟು. ಕೊಂಡ ಫೋಟೊ ನಿಮ್ಮದಾದರೂ ಅಚ್ಚು ಹಾಕುವ ಹಕ್ಕು ನಿಮ್ಮದೆಂದೇನಿಲ್ಲ. ಭಾರತದ ಕಾನೂನಿನಲ್ಲಿ ಫೋಟೊದ ಹಕ್ಕುಸ್ವಾಮ್ಯ 2012ರವರೆಗೆ ಪ್ರಕಟವಾದ ಮೇಲೆ 60 ವರ್ಷ ಇತ್ತು, ಈಗ ತೆಗೆದವರು ಸತ್ತ ಮೇಲೆ 60 ವರ್ಷ ಇರುತ್ತದೆ, ವಿದೇಶಿ ಸಂಗ್ರಹಾಲಯಗಳ ನಿಯಮ ಬೇರೆ. ಹೆಣಗಳ ಚಿತ್ರವಾದರೆ ಹಂಚುವ ಮೊದಲು ಸತ್ತವರ ಮನೆಯವರು ಇದ್ದಾರೆಂದು ಯೋಚಿಸಿ.

ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಯಾರಿಂದ, ಯಾವಾಗ, ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ಖಚಿತವಾದದ್ದನ್ನೂ ಊಹೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದರೆ ಮುಂದೆ ನೋಡುವವರು ನಿಮ್ಮ ಊಹೆಯನ್ನು ದಾಖಲೆಯೆಂದು ತಿಳಿಯುವುದಿಲ್ಲ. ಫೋಟೊ ಕೊಟ್ಟ ಮನೆಗೂ ಆ ಟಿಪ್ಪಣಿಯ ಸಮೇತ ಒಂದು ಪ್ರತಿ ತಲುಪಿಸಿ.