ಗಾಳಿಸುದ್ದಿ ಹೇಳದ ವ್ಯಾಟ್ ಲೆಕ್ಕ

ಬೆಂಗಳೂರಿನ ರಿಚರ್ಡ್ಸ್ ಟೌನ್‌ನಿಂದ ಬೆನ್ಸನ್ ಟೌನ್ ದಾಟಿ ಮಿಲ್ಲರ್ಸ್ ರಸ್ತೆಗೆ ಬಂದರೆ ಸೋನಾ ಟವರ್ಸ್ ಎಂಬ ಕಟ್ಟಡ ಸಿಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಭಾರತದಲ್ಲಿ ಚಿಪ್ ವಿನ್ಯಾಸದ ಕೆಲಸ ಶುರು ಮಾಡಿದ್ದು ಅಲ್ಲಿ. ಅಲ್ಲಿಂದ ಮುಂದೆ ಈ ಊರಿನಲ್ಲಿ ಚಿಪ್ ವಿನ್ಯಾಸ ಬೇರೂರಿತು. ಇಂಟೆಲ್‌ನ ಆರು ಕೋರ್‌ಗಳ ಝಿಯಾನ್ 7400 ಪ್ರೊಸೆಸರ್ 2008ರಲ್ಲಿ ಹೊರಬಂದಾಗ ಅದರ ವಿನ್ಯಾಸದ ಬಹುಪಾಲು ಬೆಂಗಳೂರಿನ ಎಂಜಿನಿಯರ್‌ಗಳದ್ದಾಗಿತ್ತು. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಇಲ್ಲೇ ತೆರೆಯಿತು. ಎನ್ವಿಡಿಯಾದ ದೊಡ್ಡ ತಂಡವೂ ಇಲ್ಲಿದೆ. ಹೀಗಾಗಿ ಮಾರುಕಟ್ಟೆಯ ಮುಖ ಕಾಣದ ಚಿಪ್‌ಗಳು, ಬೋರ್ಡುಗಳು ಪರೀಕ್ಷೆಗೆಂದು ಪಾರ್ಸೆಲ್‌ಗಳಲ್ಲಿ ಬೆಂಗಳೂರು, ಹೈದರಾಬಾದ್‌ಗಳಿಗೆ ಬರುತ್ತಿರುತ್ತವೆ. ಸುಮಾರು ಹತ್ತು ವರ್ಷಗಳ ಹಿಂದೆ ಭಾರತದ ಕಸ್ಟಮ್ಸ್ ಆಮದು ದಾಖಲೆಗಳು ಝೌಬಾ ಎಂಬ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದ ಕಾಲವಿತ್ತು. ಪಾರ್ಸೆಲ್ಲಿನ ಒಳಗಿರುವ ಬೋರ್ಡಿನ ಗುಪ್ತನಾಮ, ಅದಕ್ಕೆ ಕಟ್ಟಿದ ಬೆಲೆ ರೂಪಾಯಿಗಳಲ್ಲಿ, ಬಂದಿಳಿದ ಊರು, ಇಷ್ಟು ಒಂದು ಸಾಲಿನಲ್ಲಿ ಇರುತ್ತಿತ್ತು. ಮುಂಬರುವ ಗ್ರಾಫಿಕ್ಸ್ ಚಿಪ್‌ಗಳ ಬಗ್ಗೆ ಜಗತ್ತಿನಾದ್ಯಂತ ಹಬ್ಬಿದ ಎಷ್ಟೋ ಸುದ್ದಿಗಳು ಹೊರಟದ್ದು ಆ ಸಾಲುಗಳಿಂದ.

ಈಗಲೂ ವದಂತಿಯ ಮೂಲಗಳು ಹೆಚ್ಚುಕಡಿಮೆ ಇದೇ ಬಗೆಯವು. ಭಾರತದಲ್ಲಿ ಮಾರುವ ಪ್ರತಿ ಲ್ಯಾಪ್‌ಟಾಪ್ ಮಾದರಿಯೂ ಭಾರತೀಯ ಮಾನಕ ಬ್ಯೂರೊದಲ್ಲಿ (ಬಿಐಎಸ್) ನೋಂದಣಿ ಆಗಬೇಕು. ಬಿಡುಗಡೆಗೆ ಮುಂಚೆಯೇ ಮಾದರಿ ಸಂಖ್ಯೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಯಾರೋ ಎಂಜಿನಿಯರ್ ಪರೀಕ್ಷೆಗೆಂದು ಗೀಕ್‌ಬೆಂಚ್ ಎಂಬ ವೇಗ ಅಳೆಯುವ ತಂತ್ರಾಂಶ ಓಡಿಸಿದರೆ ಕೋರ್‌ಗಳ ಸಂಖ್ಯೆ, ಮೆಮೊರಿಯ ಗಾತ್ರ ಸಾರ್ವಜನಿಕ ಪಟ್ಟಿಗೆ ಸೇರಿಬಿಡುತ್ತವೆ. ಇವೆಲ್ಲ ಸೇರಿ ಪ್ರತಿವರ್ಷ ಜನವರಿಯ ಸಿಇಎಸ್ ಮೇಳಕ್ಕೆ ಮುಂಚೆ 14 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಒಂದು ಕೋಷ್ಟಕ ಸಿದ್ಧವಾಗುತ್ತದೆ: ಇದರಲ್ಲಿ ಇಂಥ ಪ್ರೊಸೆಸರ್, ಅದರಲ್ಲಿ ಇಂಥ ಗ್ರಾಫಿಕ್ಸ್, ಇಷ್ಟು ಕೋರ್, ಇಷ್ಟು ಜಿಬಿ. ಆ ಕೋಷ್ಟಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಹಲವು ಸಲ ಅದು ಅಕ್ಷರಶಃ ನಿಜವಾಗುತ್ತದೆ. ನನ್ನ ವಾದ ಬೇರೆ. ಕೋಷ್ಟಕ ಹೇಳುವುದು ಚಿಪ್ಪಿನ ಸಂಗತಿ, ನಾವು ದುಡ್ಡು ಕೊಡುವುದು ಯಂತ್ರಕ್ಕೆ. ಸಣ್ಣ ಮೈಯ ಗೇಮಿಂಗ್ ಯಂತ್ರದ ಬಲವನ್ನು ನಿರ್ಧರಿಸುವ ಅಂಕಿ ಎಂದರೆ ಅದು ಬಿಸಿಯಾಗಿ ಸೋಲದೆ, ಗಂಟೆಗಟ್ಟಲೆ ಎಷ್ಟು ವ್ಯಾಟ್ ವಿದ್ಯುತ್ ಬಳಸಬಲ್ಲದು ಎಂಬುದು. ಆ ಒಂದು ಅಂಕಿ ಗಾಳಿಸುದ್ದಿಯಲ್ಲಿ ಬರುವುದು ಅಪರೂಪ, ಏಕೆಂದರೆ ಕಂಪನಿಗಳೇ ಅದನ್ನು ಕೊನೆಯ ಹಂತದಲ್ಲಿ ತೀರ್ಮಾನಿಸುತ್ತವೆ.

2025ರಲ್ಲಿ ಜೋರಾಗಿ ಹಬ್ಬಿದ ಒಂದು ವದಂತಿಯನ್ನೇ ಬಿಡಿಸಿ ನೋಡೋಣ. ಎನ್ವಿಡಿಯಾ ಮತ್ತು ಮೀಡಿಯಾಟೆಕ್ ಸೇರಿ ಎನ್1ಎಕ್ಸ್ ಎಂಬ ಲ್ಯಾಪ್‌ಟಾಪ್ ಚಿಪ್ ಮಾಡುತ್ತಿವೆ, ಅದರಲ್ಲಿ 20 ಆರ್ಮ್ ಕೋರ್‌ಗಳೂ 6,144 ಕೂಡಾ (CUDA) ಗ್ರಾಫಿಕ್ಸ್ ಕೋರ್‌ಗಳೂ ಇವೆ ಎಂಬುದು ಸುದ್ದಿ. ಮೇಜಿನ ಕಂಪ್ಯೂಟರಿಗೆ ಹಾಕುವ ಎನ್ವಿಡಿಯಾದ ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡಿನಲ್ಲಿರುವುದೂ ಸರಿಯಾಗಿ 6,144 ಕೋರ್. ಅಷ್ಟಕ್ಕೇ, ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಇಡೀ 5070 ಕೂತಿದೆ ಎಂಬ ಮಾತು ಊರೆಲ್ಲ ಹರಡಿತು. ಈ ಸುದ್ದಿಯನ್ನು ತೂಗಲು ನಮ್ಮ ಕೈಯಲ್ಲಿ ಒಂದು ಗಟ್ಟಿ ಅಳತೆಗೋಲಿದೆ. ಅದೇ ಎರಡು ಕಂಪನಿಗಳು ಸೇರಿ ಮಾಡಿದ ಜಿಬಿ10 ಎಂಬ ಚಿಪ್ 2025ರ ಜನವರಿಯಲ್ಲಿ ಬಹಿರಂಗವಾಗಿ, ಅಕ್ಟೋಬರ್‌ನಲ್ಲಿ ಡಿಜಿಎಕ್ಸ್ ಸ್ಪಾರ್ಕ್ ಎಂಬ ಪುಟ್ಟ ಪೆಟ್ಟಿಗೆಯಾಗಿ ಮಾರಾಟಕ್ಕೆ ಬಂತು. ಅದರಲ್ಲೂ 20 ಆರ್ಮ್ ಕೋರ್, 6,144 ಕೂಡಾ ಕೋರ್. ಆದರೆ ಅದರ ಮೆಮೊರಿ ಸೆಕೆಂಡಿಗೆ 273 ಜಿಬಿ ದತ್ತಾಂಶ ಸಾಗಿಸಿದರೆ, 5070 ಕಾರ್ಡಿನ ಮೆಮೊರಿ 672 ಜಿಬಿ ಸಾಗಿಸುತ್ತದೆ. 5070 ಕಾರ್ಡು ಒಂದೇ 250 ವ್ಯಾಟ್ ಎಳೆಯುತ್ತದೆ; ಜಿಬಿ10ರಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಸೇರಿ 140 ವ್ಯಾಟ್ ಹಂಚಿಕೊಳ್ಳಬೇಕು. ಮದುವೆ ಮನೆಯಲ್ಲಿ ಅಡುಗೆಯವರು ಅಷ್ಟೇ ಜನ ಇದ್ದರೂ ಉಗ್ರಾಣದ ಬಾಗಿಲು ಅರ್ಧಕ್ಕಿಂತ ಕಿರಿದಾಗಿ, ಸೌದೆಯೂ ಅರ್ಧವಾದರೆ ಪಂಕ್ತಿ ಕಾಯಲೇಬೇಕು. ಕೋರ್‌ಗಳ ಎಣಿಕೆ ಸರಿಯಾಗಿಯೇ ಇದ್ದು ಅದರಿಂದ ತೆಗೆದ ತೀರ್ಮಾನ ತಪ್ಪುವುದು ಹೀಗೆ.

ಹೆಸರುಗಳ ಕಥೆ ಇದಕ್ಕಿಂತ ಗೊಂದಲದ್ದು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 5070ರಲ್ಲಿ ಇರುವುದು 4,608 ಕೋರ್, 8 ಜಿಬಿ ಮೆಮೊರಿ. ಅದೇ ಹೆಸರಿನ ಮೇಜಿನ ಕಾರ್ಡಿನಲ್ಲಿ 12 ಜಿಬಿ. ಲ್ಯಾಪ್‌ಟಾಪಿನ 4090 ಎಂದರೆ 9,728 ಕೋರ್, ಮೇಜಿನ 4090 ಎಂದರೆ 16,384 ಕೋರ್ ಮತ್ತು 450 ವ್ಯಾಟ್. ಹೋಗಲಿ, ಲ್ಯಾಪ್‌ಟಾಪ್‌ಗಳ ನಡುವೆಯಾದರೂ ಒಂದೇ ಹೆಸರಿಗೆ ಒಂದೇ ಬಲವಿದೆಯೇ ಎಂದರೆ ಅದೂ ಇಲ್ಲ. ಲ್ಯಾಪ್‌ಟಾಪಿನ 4070 ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಕಟ್ಟಿಹಾಕಲು ತಯಾರಕರಿಗೆ ಅವಕಾಶವಿದೆ. 2021ರವರೆಗೆ ಕಡಿಮೆ ವ್ಯಾಟ್‌ನ ಚಿಪ್‌ಗಳಿಗೆ ಮ್ಯಾಕ್ಸ್-ಕ್ಯೂ ಎಂಬ ಬಾಲ ಇರುತ್ತಿತ್ತು, ಕೊಳ್ಳುವವರಿಗೆ ಅಷ್ಟಾದರೂ ಗುರುತು ಸಿಗುತ್ತಿತ್ತು. ಆ ಬಾಲ ಕಳಚಿಹೋದ ಮೇಲೆ ವ್ಯಾಟ್ ಅಂಕಿಯನ್ನು ಹುಡುಕುವ ಹೊರೆ ಗ್ರಾಹಕರ ತಲೆಗೆ ಬಂತು. ಏಸಸ್ ಕಂಪನಿಯ ಝೆಫಿರಸ್ ಜಿ14 ಇದಕ್ಕೆ ಒಳ್ಳೆಯ ಉದಾಹರಣೆ. 2023ರ ಮಾದರಿಯಲ್ಲಿ 4090 ಚಿಪ್ 125 ವ್ಯಾಟ್‌ವರೆಗೆ ಓಡುತ್ತಿತ್ತು. 2024ರಲ್ಲಿ ಅದೇ ಯಂತ್ರ ಅಲ್ಯೂಮಿನಿಯಂ ಮೈ ತೊಟ್ಟು, ತೆಳ್ಳಗಾಗಿ, ಒಂದೂವರೆ ಕಿಲೋಗೆ ಇಳಿದಾಗ ಅದರಲ್ಲಿ ಸಿಕ್ಕ ಅತಿ ದೊಡ್ಡ ಚಿಪ್ 4070, ಅದೂ 90 ವ್ಯಾಟ್‌ಗೆ ಸೀಮಿತ. ಹೊಸ ವರ್ಷದ ಯಂತ್ರ ಹಳೆಯದಕ್ಕಿಂತ ಬಲಶಾಲಿ ಎಂಬ ನಂಬಿಕೆ ಇಲ್ಲಿ ಮುರಿಯಿತು. ಹಾಗೆಂದು 2024ರದ್ದು ಕೆಟ್ಟ ಯಂತ್ರವಲ್ಲ, ಕೈಗೆ ಹಗುರವಾಗಿ ನೋಡಲು ಅಂದವಾಗಿದೆ. ಹಗುರವಾಗಲು ಅದು ವ್ಯಾಟ್‌ಗಳನ್ನು ಬಿಟ್ಟುಕೊಟ್ಟಿತು.

ವ್ಯಾಟ್ ಮತ್ತು ವೇಗದ ನಂಟು ನೇರವಾಗಿಲ್ಲ ಎಂಬುದು ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್‌ಗಳು ಒಂದು ಸೊನ್ನೆಯಾಗಿ, ಸೊನ್ನೆ ಒಂದಾಗಿ ಬದಲಾಗುವಾಗ ಪ್ರತಿ ಸಲವೂ ಒಂದಿಷ್ಟು ವಿದ್ಯುದಾವೇಶ ತುಂಬಿ ಖಾಲಿಯಾಗುತ್ತದೆ. ಹೀಗೆ ವ್ಯಯವಾಗುವ ವಿದ್ಯುತ್ತು ಗಡಿಯಾರದ ವೇಗಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ ಕೊನೆಯ ಕೆಲವು ಹೆಜ್ಜೆಗಳು ವಿಪರೀತ ದುಬಾರಿ. ವೇಗವನ್ನು ಶೇ. 20ರಷ್ಟು ಇಳಿಸಿ, ಅದರ ಜೊತೆ ವೋಲ್ಟೇಜನ್ನು ಶೇ. 10ರಷ್ಟು ಇಳಿಸಲು ಸಾಧ್ಯವಾದರೆ ವಿದ್ಯುತ್ತಿನ ಬಳಕೆ 0.8 ಗುಣಿಸು 0.81, ಅಂದರೆ ಮೊದಲಿನ ಶೇ. 65ಕ್ಕೆ ಬರುತ್ತದೆ. ಐದನೇ ಒಂದು ಪಾಲು ವೇಗ ಬಿಟ್ಟರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿಸಿ ಕಡಿಮೆ. ಸಣ್ಣ ಗೇಮಿಂಗ್ ಲ್ಯಾಪ್‌ಟಾಪ್ ಎಂಬ ವಸ್ತು ಹುಟ್ಟಿದ್ದೇ ಈ ಗಣಿತದಿಂದ. ದೊಡ್ಡ ಚಿಪ್ಪನ್ನು ಮೆಲ್ಲಗೆ ಓಡಿಸುವುದು ಸಣ್ಣ ಚಿಪ್ಪನ್ನು ಉಸಿರುಗಟ್ಟಿ ಓಡಿಸುವುದಕ್ಕಿಂತ ಮಿತವ್ಯಯದ ದಾರಿ. ಅದಕ್ಕಾಗಿಯೇ ತಯಾರಕರು ಪುಟ್ಟ ಮೈಯಲ್ಲೂ ದೊಡ್ಡ ಹೆಸರಿನ ಚಿಪ್ ತುರುಕುತ್ತಾರೆ. ಆದರೆ ವೋಲ್ಟೇಜಿಗೆ ಒಂದು ತಳ ಇದೆ. ಅದಕ್ಕಿಂತ ಕೆಳಗೆ ಟ್ರಾನ್ಸಿಸ್ಟರ್‌ಗಳು ನೆಚ್ಚಿಕೆಯಿಂದ ಕೆಲಸ ಮಾಡವು. ಆ ತಳ ಮುಟ್ಟಿದ ಮೇಲೆ ವ್ಯಾಟ್ ಇಳಿಸಿದಷ್ಟೂ ವೇಗ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಉಳಿತಾಯದ ಲಾಭ ಮುಗಿಯುತ್ತದೆ. ವ್ಯಾಟ್ ಬಿಗಿಯಾದಷ್ಟೂ ದೊಡ್ಡ ಚಿಪ್ಪಿಗೂ ಅದರ ಕೆಳಗಿನದಕ್ಕೂ ಆಟದಲ್ಲಿ ಕಾಣುವ ಅಂತರ ಕುಗ್ಗುತ್ತದೆ, ಬೆಲೆಯ ಅಂತರ ಮಾತ್ರ ಹಾಗೆಯೇ ನಿಲ್ಲುತ್ತದೆ.

ಬಳಸಿದ ವ್ಯಾಟ್ ಪೂರ್ತಿ ಬಿಸಿಯಾಗಿ ಹೊರಗೆ ಹೋಗಬೇಕು, ಮತ್ತು ಇಲ್ಲಿ ನಮ್ಮ ಊರು ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. 120 ವ್ಯಾಟ್ ಬಿಸಿಯನ್ನು, ಹೊರಹೋಗುವ ಗಾಳಿ ಒಳಬಂದದ್ದಕ್ಕಿಂತ 25 ಡಿಗ್ರಿ ಬಿಸಿಯಾಗಿರುವಂತೆ ಸಾಗಿಸಲು ಸಮುದ್ರಮಟ್ಟದಲ್ಲಿ ಸೆಕೆಂಡಿಗೆ ಸುಮಾರು 4 ಲೀಟರ್ ಗಾಳಿ ಸಾಕಾದರೆ, ಇಲ್ಲಿ ನಾಲ್ಕೂವರೆ ಲೀಟರ್ ಬೇಕು. ಹೆಬ್ಬೆರಳಿನ ದಪ್ಪವೂ ಇಲ್ಲದ ಪೆಟ್ಟಿಗೆಯ ಫ್ಯಾನು ಆ ಹೆಚ್ಚುವರಿ ಅರ್ಧ ಲೀಟರಿಗಾಗಿ ಜೋರಾಗಿ ತಿರುಗಬೇಕು, ಸದ್ದು ಮಾಡಬೇಕು. ನಮ್ಮೂರು ತಂಪಾದದ್ದು, ಅದರಿಂದ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಡಿಸೆಂಬರಿನಲ್ಲಿ ನಿಜ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ರಿಚರ್ಡ್ಸ್ ಟೌನ್‌ನ ಹಳೆಯ ಬಂಗಲೆಗಳ ಎತ್ತರದ ಸೂರು ಬಿಸಿಯನ್ನು ತಲೆಯ ಮೇಲಕ್ಕೆ ಎತ್ತಿಕೊಳ್ಳುತ್ತಿತ್ತು. ಅವುಗಳ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳ ಸಣ್ಣ ಕೋಣೆಗೆ ಆ ಅನುಕೂಲವಿಲ್ಲ. ಚಿಪ್ಪಿನ ಬಿಸಿ ಹೊರಹೋಗುವ ದರ ಚಿಪ್ಪಿಗೂ ಕೋಣೆಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸುತ್ತದೆ. ಒಳಗೆ 85 ಡಿಗ್ರಿ ಇದ್ದು ಕೋಣೆ 23 ಡಿಗ್ರಿ ಇದ್ದರೆ ಅಂತರ 62. ಕೋಣೆ 33ಕ್ಕೆ ಏರಿದರೆ ಅಂತರ 52. ಅಂದರೆ ಅದೇ ಯಂತ್ರದಿಂದ ಶೇ. 16ರಷ್ಟು ಕಡಿಮೆ ಬಿಸಿ ಹೊರಗೆ ಹೋಗುತ್ತದೆ. ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ ಅಳೆದ ಅಂಕಿಯನ್ನು ಏಪ್ರಿಲ್ ಮಧ್ಯಾಹ್ನದ ಕೋಣೆಗೆ ಹಾಗೆಯೇ ತರುವಂತಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ: ಹೊಸ ಪೀಳಿಗೆಯ ಚಿಪ್ ಅದೇ ವ್ಯಾಟ್‌ನಲ್ಲಿ ಹೆಚ್ಚು ಕೆಲಸ ಮಾಡುವುದಾದರೆ ಹೆಸರಿಗೆ ಬೆಲೆ ಇಲ್ಲವೇ? ಇದೆ, ಆದರೆ ಪ್ರತಿ ಪೀಳಿಗೆಗೂ ಸಮನಾಗಿ ಇಲ್ಲ. ಆರ್‌ಟಿಎಕ್ಸ್ 30 ಸರಣಿ ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್ ವರ್ಗದ ತಯಾರಿಕೆಯಿಂದ ಬಂದದ್ದು, 40 ಸರಣಿ ಟಿಎಸ್‌ಎಂಸಿಯ 4ಎನ್ ತಯಾರಿಕೆಗೆ ಹೋಯಿತು; ಅಲ್ಲಿ ಮಿತವ್ಯಯದ ಜಿಗಿತ ದೊಡ್ಡದು. 50 ಸರಣಿಯೂ ಅದೇ 4ಎನ್ ಕುಟುಂಬದಲ್ಲೇ ಉಳಿದಿದ್ದರಿಂದ ಸಮಾನ ವ್ಯಾಟ್‌ನಲ್ಲಿ ಸಿಕ್ಕ ಲಾಭ ಸಣ್ಣದು. ಅಂದಮೇಲೆ ವದಂತಿಯಲ್ಲಿ ನೋಡಬೇಕಾದದ್ದು ಸರಣಿಯ ಸಂಖ್ಯೆಗಿಂತ ಹೆಚ್ಚಾಗಿ ಚಿಪ್ ಯಾವ ತಯಾರಿಕಾ ಹಂತದಿಂದ ಬರುತ್ತದೆ ಎಂಬುದು. ಇದರ ಜೊತೆಗೆ ಹೊಸೆದುಕೊಂಡ ಇನ್ನೊಂದು ಮಾತು ಕೃತಕ ಚೌಕಟ್ಟುಗಳದ್ದು (ಫ್ರೇಮ್). 549 ಡಾಲರಿನ 5070 ಕಾರ್ಡು 4090ಕ್ಕೆ ಸಮ ಎಂದು ಎನ್ವಿಡಿಯಾ 2025ರ ಜನವರಿಯಲ್ಲಿ ಹೇಳಿಕೊಂಡಿತು. ನಿಜವಾಗಿ ಚಿತ್ರಿಸಿದ ಒಂದು ಚೌಕಟ್ಟಿನ ಜೊತೆ ಎಐ ಮೂಲಕ ಮೂರು ಚೌಕಟ್ಟು ಸೇರಿಸುವ ತಂತ್ರ ಆ ಹೋಲಿಕೆಯ ಬೆನ್ನಿಗಿತ್ತು. ಚಲನೆ ನುಣುಪಾಗಿ ಕಾಣುವುದು ನಿಜ. ಆದರೆ ಸೇರಿಸಿದ ಚೌಕಟ್ಟು ನಿಮ್ಮ ಬೆರಳಿನ ಒತ್ತಿಗೆ ಉತ್ತರ ಕೊಡುವುದಿಲ್ಲ. ಕ್ಷಣಾರ್ಧದಲ್ಲಿ ಗುರಿ ಇಡಬೇಕಾದ ಆಟದಲ್ಲಿ ಎಣಿಸಬೇಕಾದದ್ದು ನಿಜವಾಗಿ ಚಿತ್ರಿಸಿದ ಚೌಕಟ್ಟುಗಳನ್ನು.

ಇನ್ನೊಂದು ಆಕ್ಷೇಪ: ವದಂತಿಗಳು ನಿಜವಾದ ಉದಾಹರಣೆ ಬೇಕಷ್ಟಿವೆಯಲ್ಲ? ಹೌದು. ಎಎಂಡಿಯ ಸ್ಟ್ರಿಕ್ಸ್ ಹೇಲೋ ಎಂಬ ಚಿಪ್ ಬಗ್ಗೆ ಬಹಳ ಮುಂಚೆಯೇ ಓಡಾಡಿದ 16 ಕೋರ್, 40 ಗ್ರಾಫಿಕ್ಸ್ ಘಟಕ, 256 ಬಿಟ್ ಮೆಮೊರಿ ಎಂಬ ಅಂಕಿಗಳು 2025ರ ಜನವರಿಯಲ್ಲಿ ರೈಜನ್ ಎಐ ಮ್ಯಾಕ್ಸ್ ಪ್ಲಸ್ 395 ಆಗಿ ಹಾಗೆಯೇ ಹೊರಬಂದವು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದೆಯೇ ಆಟ ಆಡಬಲ್ಲ 13 ಇಂಚಿನ ಯಂತ್ರ ಅದರಿಂದ ಸಾಧ್ಯವಾಯಿತು, ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಆ ಚಿಪ್ಪಿಗೆ ಎಎಂಡಿ ಕೊಟ್ಟ ವ್ಯಾಪ್ತಿ 45ರಿಂದ 120 ವ್ಯಾಟ್. ಯಾವ ಕಂಪನಿ ಯಾವ ಮೈಯಲ್ಲಿ ಎಷ್ಟಕ್ಕೆ ನಿಲ್ಲಿಸುತ್ತದೆ ಎಂಬುದನ್ನು ಆ ನಿಖರವಾದ ವದಂತಿಯೂ ಹೇಳಲಿಲ್ಲ, ಹೇಳಲು ಬರುವಂತೆಯೂ ಇರಲಿಲ್ಲ.

ಹಾಗಾದರೆ ಯಂತ್ರ ಹೊರಬಂದು ಅಳತೆಗಳು ಸಿಗುವವರೆಗೆ ಕಾಯುವುದೇ ಸರಿಯೇ? ಕಾಯುವುದಕ್ಕೂ ಈಗ ಬೆಲೆ ಇದೆ. ಎಐ ಸರ್ವರ್‌ಗಳ ಹಸಿವಿನಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುವುದು ಹೆಚ್ಚುತ್ತಿದೆ. ಜಿ14ರಲ್ಲಿ 2024ರಿಂದ ಪೂರ್ತಿ ಹೀಗೆಯೇ. ಈಗ 16 ಜಿಬಿ ಕೊಂಡು ಆಮೇಲೆ ಕಂಪ್ಯೂಟರ್ ಬಿಡಿಭಾಗ ಮಾರುವ ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ರ‍್ಯಾಮ್ ಕಡ್ಡಿ ಹಾಕಿಸಿದರಾಯಿತು ಎಂಬ ಹಳೆಯ ದಾರಿ ಅಲ್ಲಿ ಮುಚ್ಚಿದೆ. ಕಾಲೇಜು ಸೇರುವ ಮಗನಿಗೋ ಮಗಳಿಗೋ ಈ ಜೂನ್‌ನಲ್ಲೇ ಯಂತ್ರ ಬೇಕಿದ್ದರೆ, ಮುಂದಿನ ಜನವರಿಯ ಗಾಳಿಸುದ್ದಿಗಾಗಿ ಕೈಕಟ್ಟಿ ಕೂರಬೇಕಿಲ್ಲ. ಚಿಪ್ಪಿನ ತಯಾರಿಕಾ ಹಂತ ಬದಲಾಗುತ್ತಿದೆ ಎಂಬ ಗಟ್ಟಿ ಸುಳಿವಿದ್ದರೆ ಮಾತ್ರ ಕಾಯುವುದರಲ್ಲಿ ಅರ್ಥವಿದೆ. ಅಂಗಡಿ ಎಸ್.ಪಿ. ರಸ್ತೆಯದಾಗಲಿ, ಇಂದಿರಾನಗರದ ಸಿಎಂಎಚ್ ರಸ್ತೆಯದಾಗಲಿ, ದುಡ್ಡು ಕೊಡುವ ಮುಂಚೆ ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಸಿ, ಸಿಸ್ಟಮ್ ಇನ್ಫರ್ಮೇಷನ್ ಒತ್ತಿಸಿ. ಗರಿಷ್ಠ ಗ್ರಾಫಿಕ್ಸ್ ವಿದ್ಯುತ್ ಎಷ್ಟು ವ್ಯಾಟ್ ಎಂಬುದು ಅಲ್ಲಿ ಬರೆದಿರುತ್ತದೆ. ಅದನ್ನು ಬರೆದುಕೊಂಡು, ಪಕ್ಕದ ಯಂತ್ರದ ಅಂಕಿಯನ್ನೂ ಬರೆದುಕೊಂಡು, ಆಮೇಲೆ ಬೆಲೆ ಕೇಳಿ.